ಗೇಟು ಮುಚ್ಚಿದ ಮೇಲಿನ ಟಿಕೇಟು

ಕೊಟ್ಟಾರ, ಮಂಗಳೂರು
18 ನವೆಂಬರ್ 2025, ಮಂಗಳವಾರ

ಪ್ರೀತಿಯ ಭವ್ಯಾ,

ನಿನಗೂ ಅಳಿಯನಿಗೂ ಆಶೀರ್ವಾದ. ಪ್ರಾಪ್ತಿಗೆ ಅಜ್ಜನ ಮುದ್ದು. ಎದುರಿನ ಎರಡು ಹಲ್ಲು ಬಿದ್ದ ಅವಳ ಫೋಟೋ ನೋಡಿದೆ, ನಗುವಾಗ ಥೇಟ್ ನನ್ನ ಅಪ್ಪ. ಅವರಿಗೆ ಎಪ್ಪತ್ತರಲ್ಲಿ ಬಿದ್ದದ್ದು ಇವಳಿಗೆ ಏಳರಲ್ಲಿ ಬಿದ್ದಿದೆ, ಅಷ್ಟೇ ವ್ಯತ್ಯಾಸ.

ಉತ್ತರ ಬರೆಯಲು ಒಂದು ವಾರ ತಡವಾಯಿತು. ಬೈಕಂಪಾಡಿಯ ಎರಡು ಫ್ಯಾಕ್ಟರಿಗಳ ಊಟದ ಕಾಂಟ್ರಾಕ್ಟು ರಿನ್ಯೂವಲ್‌ಗೆ ಬಂದಿತ್ತು ಎಂದು ನೆಪ ಹೇಳಬಹುದು, ಹೇಳುವುದಿಲ್ಲ. ಕೋಪ ಇಳಿದಿರಲಿಲ್ಲ. ಕೋಪದಲ್ಲಿ ಬರೆದರೆ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಮ್ಮನಿಗೆ ಅಡುಗೆಮನೆಯಿಂದಲೇ ಎಲ್ಲ ಕೇಳುತ್ತದೆ. ವಾಟ್ಸಾಪಿನಲ್ಲಿ ನಾನೊಂದು ಬೈಗಳು ಒತ್ತಿದರೆ ಆ ಫೋನು ಅದನ್ನು ತಿದ್ದಿ ನಮಸ್ಕಾರ ಮಾಡಿಬಿಡುತ್ತದೆ. ಹಾಗಾಗಿ ಕಾಗದ. ಮೇಲಿನ ಫ್ಲ್ಯಾಟಿನ ಅಯ್ಯೂಬ್ ಗುರುವಾರ ಬಹರೈನಿಗೆ ಹೊರಡುತ್ತಾನೆ. ನಿನಗೆ ಅಂತ ಐದು ಕಿಲೋ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಅದರ ಅಡಿಯಲ್ಲಿ ಈ ಲಕೋಟೆ. ಅಯ್ಯೂಬ್ ಒಳ್ಳೆಯವನೇ, ಆದರೆ ವಿಮಾನದಲ್ಲಿ ನಾಲ್ಕು ಗಂಟೆ ಓದಲು ಅವನಿಗೂ ಏನಾದರೂ ಬೇಕಲ್ಲ, ಅದಕ್ಕೆ ಗೋಂದು ಜಾಸ್ತಿ ಹಚ್ಚುತ್ತೇನೆ.

ಈಗ ನಿನ್ನ ಪ್ರಶ್ನೆ. ಡಿಸೆಂಬರಿನಲ್ಲಿ ಬಂದಾಗ ಪ್ರಾಪ್ತಿಯನ್ನು ಆ ವಾಟರ್ ಪಾರ್ಕಿಗೆ ಪುನಃ ಕರೆದುಕೊಂಡು ಹೋಗುವುದಾದರೆ, ಗೇಟು ಮುಚ್ಚಿದ ಮೇಲೆ ಹೆಚ್ಚು ಹಣಕ್ಕೆ ಒಳಗೆ ಬಿಡುವ ಆ 'ಆಫ್ಟರ್ ಅವರ್ಸ್' ಟಿಕೇಟು ತೆಗೆದುಕೊಳ್ಳಬಹುದಾ, ಕೊಟ್ಟ ಹಣಕ್ಕೆ ಸರಿ ಉಂಟಾ, ನೀವು ಹೋಗಿ ಬಂದವರಲ್ವಾ, ಹೇಳಿ ಅಪ್ಪಾ ಅಂತ ಕೇಳಿದ್ದೀ. ಹೇಳುತ್ತೇನೆ. ಪಾರ್ಕಿನ ಹೆಸರು ಮಾತ್ರ ಬರೆಯುವುದಿಲ್ಲ. ಬೈಯುವುದಕ್ಕೆ ಬರೆದರೂ ಅವರಿಗೆ ಅದು ಪುಕ್ಕಟೆ ಜಾಹೀರಾತು.

ಮೇ ತಿಂಗಳಲ್ಲಿ ನಾವೆಲ್ಲ ಹಗಲು ಹೋದದ್ದು ನಿನಗೆ ನೆನಪಿದೆ. ಒಂದೊಂದು ಜಾರುಬಂಡಿಗೆ ಐವತ್ತು ನಿಮಿಷದ ಕ್ಯೂ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಪ್ರಾಪ್ತಿ ಜಾರಿದ್ದು ಒಟ್ಟು ಆರು ಸಲ. ನಾನು ಲೆಕ್ಕ ಹಾಕಿದ್ದೆ, ಒಂದು ಸಲ ಜಾರಲು ಹನ್ನೊಂದು ಸೆಕೆಂಡು. ಏಳು ಗಂಟೆಯಲ್ಲಿ ಮಗು ಜಾರಿದ್ದು ಒಂದು ನಿಮಿಷ ಆರು ಸೆಕೆಂಡು. ಉಳಿದ ಹೊತ್ತು ಮುಂದಿನವರ ಬೆನ್ನು ನೋಡಿದ್ದು.

ಆ ದಿನ ನಿನ್ನ ಅಮ್ಮ ಎಲ್ಲಿದ್ದಳು? ಪ್ಲಾಸ್ಟಿಕ್ ತೆಂಗಿನ ಮರದ ಅಡಿಯಲ್ಲಿ ನಮ್ಮೆಲ್ಲರ ಬ್ಯಾಗು, ಚಪ್ಪಲಿ, ಅಳಿಯನ ವಾಚು ಇಟ್ಟುಕೊಂಡು ಕೂತಿದ್ದಳು. ಅಲೆ ಬರುವ ದೊಡ್ಡ ಕೊಳವನ್ನೇ ನೋಡುತ್ತಿದ್ದಳು. ನಾನು ಕಬ್ಬಿನ ಹಾಲು ಹಿಡಿದುಕೊಂಡು ಹೋದಾಗ ಹೇಳಿದಳು, "ಯಾರೂ ಇಲ್ಲದೆ ಇರ್ತಿದ್ರೆ ಒಮ್ಮೆ ಇಳಿಯುತ್ತಿದ್ದೆ." ಅಷ್ಟು ಹೇಳಿ ಕಬ್ಬಿನ ಹಾಲಿಗೆ ಐಸು ಹೆಚ್ಚಾಯಿತು ಅಂತ ಬೇರೆ ಮಾತಿಗೆ ಹೋದಳು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಅವಳು ತನಗೆ ಅಂತ ಕೇಳಿದ್ದು ಬೆರಳೆಣಿಕೆ. ಅದೂ ನೇರ ಕೇಳಿದ್ದಲ್ಲ, ಗಾಳಿಗೆ ಹೇಳಿದ್ದು.

ಅವಳು ನೀರಿನ ಮನುಷ್ಯಳು ಅಂತ ನಿನಗೆ ಗೊತ್ತಿಲ್ಲ. ನಿನ್ನ ಬುದ್ಧಿ ಬಲಿಯುವ ಮೊದಲೇ ಅದು ನಿಂತುಹೋಯಿತು. ತೊಕ್ಕೊಟ್ಟಿನ ಆಚೆ ಹೊಳೆಬದಿಯ ಅವಳ ತವರಿಗೆ ನಾನು ಹೆಣ್ಣು ನೋಡಲು ಹೋದ ದಿನ ಅವಳ ಕೂದಲು ಒದ್ದೆ. ಎಣ್ಣೆ ಹಚ್ಚಿ ಜಡೆ ಹಾಕಿ ಕೂರಿಸಿದ್ದರು, ಆದರೂ ನೀರು ತೊಟ್ಟಿಕ್ಕುತ್ತಿತ್ತು. ಗಂಡಿನ ಕಡೆಯವರು ಹತ್ತಕ್ಕೆ ಬರುತ್ತಾರೆ ಎಂದರೆ ಇವಳು ಒಂಬತ್ತರವರೆಗೆ ನೇತ್ರಾವತಿಯ ನಡುವಿನ ಮರಳದಿಣ್ಣೆಗೆ ಈಜಿ ಹೋಗಿ ಕೂತಿದ್ದಳಂತೆ. ನನ್ನ ಅಮ್ಮ ಮುಖ ಗಂಟು ಹಾಕಿದರು. ನಾನು ಅಲ್ಲೇ ಒಪ್ಪಿದೆ.

ಮತ್ತೆ ಆ ಎಣ್ಣೆಯ ಕತೆ. ನಿನಗಾಗ ನಾಲ್ಕು ವರ್ಷ. ಬೈಕಂಪಾಡಿಯಲ್ಲಿ ತಗಡಿನ ಮಾಡಿನ ಕ್ಯಾಂಟೀನು, ಬೆಳಿಗ್ಗೆಯ ಶಿಫ್ಟಿನವರಿಗೆ ಗೋಳಿಬಜೆ. ಸ್ಟವ್‌ನ ಒಂದು ಕಾಲು ಮುರಿದು ಅಡಿಗೆ ಇಟ್ಟಿಗೆ ಕೊಟ್ಟಿದ್ದೆವು. ಬಾಣಲೆ ಮಗುಚಿತು. ನಿನ್ನ ಅಮ್ಮನ ಬಲಗಾಲು ಸುಟ್ಟಿತು, ತೊಡೆಯಿಂದ ಪಾದದವರೆಗೆ. ಎರಡು ತಿಂಗಳು ಆಸ್ಪತ್ರೆ. ಗಾಯ ಮಾಗಿದ ಮೇಲೆ ಅವಳು ನೀರಿಗೆ ಇಳಿದದ್ದು ಬಾತ್‌ರೂಮಿನಲ್ಲಿ ಮಾತ್ರ. ಪಣಂಬೂರಿಗೆ ಹೋದರೂ ಒಣ ಮರಳಿನಲ್ಲಿ ನಿಲ್ಲುತ್ತಾಳೆ. ಸೀರೆ ಮಂಡಿಯವರೆಗೆ ಎತ್ತಿದ್ದನ್ನು ನೀನು ಕೂಡ ನೋಡಿಲ್ಲ, ಅಲ್ವಾ?

ಹಾಗಾಗಿ ಆ ಮಾತು ನನ್ನ ತಲೆಯಲ್ಲಿ ಕೂತಿತು. ಈ ತಿಂಗಳ ಸುರುವಿಗೆ ಅವರ ಜಾಹೀರಾತು ಬಂತು. ಸಂಜೆ ಆರಕ್ಕೆ ಗೇಟು ಮುಚ್ಚಿದ ಮೇಲೆ ಆರೂವರೆಯಿಂದ ಒಂಬತ್ತು, ತಲೆಗೆ ಎರಡು ಸಾವಿರದ ನಾನೂರು. ಹಗಲಿನ ಟಿಕೇಟು ಒಂಬೈನೂರೈವತ್ತು ಅಂತ ನಿನಗೆ ಗೊತ್ತಿದೆ. ನಾನು ಫೋನು ಮಾಡಿದೆ. ಡಾಲಿ ಅಂತ ಒಬ್ಬಳು ಎತ್ತಿದಳು. ಸಕ್ಕರೆಯಲ್ಲಿ ಅದ್ದಿದ ಸ್ವರ.

"ಜನ ಇರ್ತಾರಾ?" ಅಂತ ಕೇಳಿದೆ.

"ಇಲ್ಲ ಸರ್, ಕಂಪ್ಲೀಟ್ಲಿ ಪ್ರೈವೇಟ್ ಎಕ್ಸ್‌ಪೀರಿಯೆನ್ಸ್ ಸರ್."

"ಪ್ರೈವೇಟ್ ಅಂದ್ರೆ?"

"ಪ್ರೈವೇಟ್ ಅಂದ್ರೆ ಪ್ರೈವೇಟೇ ಸರ್."

"ನೋಡಮ್ಮ, ನನ್ನ ಹೆಂಡತಿಗೆ ಜನ ಇದ್ದರೆ ಆಗುವುದಿಲ್ಲ. ಅದೊಂದೇ ಕಾರಣಕ್ಕೆ ಇಷ್ಟು ಹಣ ಕೊಡುವುದು."

"ನೀವು ಟೆನ್ಶನ್ ಮಾಡಬೇಡಿ ಸರ್, ಅಂಕಲ್ ಆಂಟಿ ಆರಾಮ್ಸೆ ಎಂಜಾಯ್ ಮಾಡಿ."

ನಾಲ್ಕು ಸಾವಿರದ ಎಂಟುನೂರು ಫೋನಿನಲ್ಲೇ ಕಳಿಸಿದೆ. ಟೊಮೆಟೊದವನ ಹತ್ತಿರ ಕಿಲೋಗೆ ಎರಡು ರೂಪಾಯಿಗೆ ಇಪ್ಪತ್ತು ನಿಮಿಷ ಮಾತಾಡುವ ಮನುಷ್ಯ ನಾನು, ಚೌಕಾಸಿ ಮಾಡಲಿಲ್ಲ. ಮಂಗಳೂರಿನಲ್ಲಿ ಅರುವತ್ತೆರಡು ವರ್ಷ ಬದುಕಿ 'ಪ್ರೈವೇಟ್' ಎಂಬ ಶಬ್ದಕ್ಕೆ ಮೋಸ ಹೋದವನು ನಾನೊಬ್ಬನೇ ಇರಬೇಕು. ನಮ್ಮಲ್ಲಿ ಪ್ರೈವೇಟ್ ಎಂದರೆ ಬಸ್ಸು. ಫುಟ್‌ಬೋರ್ಡಿನಲ್ಲಿ ಎಂಟು ಜನ ನೇತಾಡುತ್ತಿರುತ್ತಾರೆ, ಒಳಗೆ ಮೀನಿನ ಬುಟ್ಟಿ, ಕಾಲೇಜಿನ ಮಕ್ಕಳು, "ಹಿಂದೆ ಹೋಗಿ, ಹಿಂದೆ ಖಾಲಿ ಉಂಟು" ಎಂದು ಬೊಬ್ಬೆ ಹೊಡೆಯುವ ಕಂಡಕ್ಟರ್. ನಲವತ್ತು ವರ್ಷ ಆ ಪ್ರೈವೇಟಿನಲ್ಲಿ ಓಡಾಡಿ ಬಂದವನಿಗೆ ಡಾಲಿ ಹೇಳಿದ ಪ್ರೈವೇಟ್ ಯಾವುದು ಅಂತ ಹೊಳೆಯಬೇಕಿತ್ತು.

ನಿನ್ನ ಅಮ್ಮನನ್ನು 'ಕುಶಲಾ, ಬಾ ಇಲ್ಲಿ' ಅಂತ ಕೂರಿಸಿ ಹೇಳಿದಾಗ ಮೊದಲು ಬೈದಳು. "ಮಂಡೆ ಸಮ ಇಲ್ವಾ ನಿಮಗೆ? ಅಷ್ಟು ಹಣಕ್ಕೆ ಒಂದು ಮಿಕ್ಸಿ ಬರ್ತದೆ." ಆಮೇಲೆ ಎರಡು ದಿನ ಬಿಟ್ಟು, ಒಣಗಿದ ಬಟ್ಟೆ ಮಡಚುತ್ತಾ, "ಸೀರೆಯಲ್ಲಿ ಬಿಡುವುದಿಲ್ಲ ಅಲ್ಲವಾ ಅವರು?" ಅಂತ ಕೇಳಿದಳು. ಬಿಡುವುದಿಲ್ಲ, ನೈಲಾನ್ ಕಾಸ್ಟ್ಯೂಮೇ ಆಗಬೇಕು, ಮಂಡಿಯವರೆಗೆ ಬರುತ್ತದೆ ಎಂದೆ. ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸರಿ, ಹೋಗುವುದಿಲ್ಲ ಅಂತ ನಾನು ಗ್ರಹಿಸಿದೆ. ಮಾರನೆಯ ದಿನ ತಾನೇ ಹಂಪನಕಟ್ಟೆಗೆ ಹೋಗಿ ಕಡುನೀಲಿ ಬಣ್ಣದ್ದೊಂದು ತಂದಿದ್ದಳು! ಬೀರುವಿನ ಒಳಗೆ, ಕಲ್ಯಾಣದ ಸೀರೆಯ ಅಡಿಯಲ್ಲಿ ಇಟ್ಟಿದ್ದಳು. ನಾನು ನೋಡಿದರೂ ನೋಡದ ಹಾಗೆ ಮಾಡಿದೆ.

ಎಂಟನೇ ತಾರೀಕು, ಶನಿವಾರ. ಆರೂ ಇಪ್ಪತ್ತಕ್ಕೆ ತಲುಪಿದೆವು. ಹಗಲಿನ ಜನ ತಲೆ ಒರೆಸಿಕೊಂಡು ಹೊರಗೆ ಬರುತ್ತಿದ್ದರು, ನಾವು ಒಳಗೆ. ಕೈಗೆ ಚಿನ್ನದ ಬಣ್ಣದ ಪಟ್ಟಿ ಕಟ್ಟಿದರು. ಕಾರಂಜಿಗೆಲ್ಲ ಬಣ್ಣದ ಲೈಟು. ನಿನ್ನ ಅಮ್ಮ ಗೇಟಿನ ಒಳಗೆ ಬಂದದ್ದೇ ಬೇಗ ಬೇಗ ನಡೆಯತೊಡಗಿದಳು, ನನಗಿಂತ ನಾಲ್ಕು ಹೆಜ್ಜೆ ಮುಂದೆ. ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲಲ್ಲಿ ವಿನಿಫ್ರೆಡ್ ಅಂತ ಒಬ್ಬರು ವಯಸ್ಸಾದ ಹೆಂಗಸು, ಬೀಗದ ಕೈ ಕೊಡುವವರು. "ಬನ್ನಿ ಬಾಯೀ, ಇಡೀ ಕೋಣೆ ನಿಮ್ಮದೇ ಇವತ್ತು" ಅಂತ ಕೈ ಹಿಡಿದು ಕರೆದುಕೊಂಡು ಹೋದರು.

ಅವಳು ಬಟ್ಟೆ ಬದಲಾಯಿಸಿ ಹೊರಗೆ ಬಂದಳು. ಅಷ್ಟರಲ್ಲಿ ಬಸ್ಸು ಬಂತು. ಯಾವುದೋ ಸೈಟು ಮಾರುವ ಕಂಪೆನಿಯ ಟೀಮ್ ಔಟಿಂಗ್ ಅಂತೆ. ನಲವತ್ತೆರಡು ಜನ, ನಾನು ಎಣಿಸಿದ್ದೇನೆ. ಎಲ್ಲರ ಮೈಮೇಲೆ ಒಂದೇ ಕಿತ್ತಳೆ ಬಣ್ಣದ ಟೀ ಶರ್ಟು, ಬೆನ್ನಲ್ಲಿ 'ಡ್ರೀಮ್ ಬಿಗ್'. ಅವರ ಹಿಂದಿನಿಂದ ಎರಡು ಆಳೆತ್ತರದ ಸ್ಪೀಕರು, ಡಿಜೆ. ತಲೆಯ ಮೇಲೆ ಜೇನುನೊಣದ ಹಾಗೆ ಸದ್ದು ಮಾಡುತ್ತಾ ಒಂದು ಡ್ರೋನ್ ಕ್ಯಾಮರಾ. ಅವಳು ಟವಲು ಸುತ್ತಿಕೊಂಡು ಒಳಗೆ ಹೋದಳು. ಪುನಃ ಬಂದದ್ದು ಸೀರೆಯಲ್ಲೇ. ಅಷ್ಟೇ.

ನಾನು ಮ್ಯಾನೇಜರನ್ನು ಕರೆಸಿದೆ. ವಿನೀತ್ ಅಂತ ಹೆಸರು, ಕಿವಿಯಲ್ಲೊಂದು ಯಂತ್ರ, ಮುಖದಲ್ಲೊಂದು ನಗು, ಎರಡನ್ನೂ ಯಾರೋ ಅಂಟಿಸಿಟ್ಟ ಹಾಗೆ.

"ಪ್ರೈವೇಟ್ ಅಂತ ಮಾರಿದ್ದು ಯಾರು?" ಅಂತ ಕೇಳಿದೆ.

"ಸರ್, ಪ್ರೈವೇಟ್ ಅಂದ್ರೆ ಪಬ್ಲಿಕ್ ಇರುವುದಿಲ್ಲ ಅಂತ ಅರ್ಥ ಸರ್."

"ಇವರು ನಲವತ್ತೆರಡು ಜನ ಮತ್ತೆ ಎಂತ? ನನ್ನ ದಾಯಾದಿಗಳಾ?"

"ಇಲ್ಲ ಸರ್, ಇವರು ಕಾರ್ಪೊರೇಟ್. ಪಬ್ಲಿಕ್ ಕೆಟಗರಿಯಲ್ಲಿ ಬರುವುದಿಲ್ಲ."

"ನೀರಿಗೆ ಇಳಿಯುವಾಗ ಕೆಟಗರಿ ಕಳಚಿ ಇಡ್ತಾರಾ ಇವರು?"

"ಸರ್, ಕೂಲ್ ಆಗಿ. ನೀವು ಕೂಡ ಜಾಯಿನ್ ಆಗಬಹುದು. ಡಿಜೆ ನಿಮಗೆ ಕಾಂಪ್ಲಿಮೆಂಟರಿ."

ಮಾರಾಯ್ತಿ, ನನ್ನ ಕೈ ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ಆಮೇಲೆ ಅವನು ಸ್ವರ ತಗ್ಗಿಸಿ ಕೇಳಿದ, "ಆಂಟಿಗೆ ನೀರಿಗೆ ಹೆದರಿಕೆಯಾ ಸರ್? ಆ ಕಡೆ ಮಕ್ಕಳ ಕೊಳ ಉಂಟು, ಒಂದೂವರೆ ಅಡಿ."

"ನಿನ್ನ ಈ ಟ್ಯಾಂಕಿನ ನೀರನ್ನು ಅವಳು ಹದಿನಾರನೇ ವಯಸ್ಸಿನಲ್ಲಿ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ," ಅಂತ ಬೊಬ್ಬೆ ಹೊಡೆದೆ. "ನೇತ್ರಾವತಿಯನ್ನು ಮಳೆಗಾಲ ಮುಗಿದ ವಾರದಲ್ಲಿ ಈಜಿದವಳು. ನೀನು ಈಜಿದ್ದೀಯಾ? ನಿನ್ನ ಓನರ್ ಈಜಿದ್ದಾನಾ?" ಕಿತ್ತಳೆ ಟೀ ಶರ್ಟಿನವರು ತಿರುಗಿ ನೋಡಿದರು. ಒಬ್ಬ ಮೊಬೈಲು ಎತ್ತಿದ. ಅವನಿಗೂ ಎರಡು ಬೈದೆ. ಒಟ್ಟು ನಲವತ್ತು ನಿಮಿಷ. ನನ್ನ ಟಿಕೇಟಿನ ಹಣದಲ್ಲಿ ಆ ದಿನ ಪೂರಾ ಉಪಯೋಗಕ್ಕೆ ಬಂದ ಸಮಯ ಎಂದರೆ ಅದೊಂದೇ.

ಹಣ ವಾಪಸು ಕೇಳಿದ್ದಕ್ಕೆ ವೋಚರ್ ಕೊಟ್ಟ, ತೊಂಬತ್ತು ದಿನದ ಒಳಗೆ ಪುನಃ ಬರಲಿಕ್ಕೆ. ಹರಿದು ಅವನ ಮೇಜಿನ ಮೇಲೆಯೇ ಇಟ್ಟು ಬಂದೆ. ದಾರಿಯುದ್ದಕ್ಕೂ ನಾನು ಬೈಯುತ್ತಲೇ ಕಾರು ಓಡಿಸಿದೆ. ಡಾಲಿಗೆ, ವಿನೀತನಿಗೆ, ಸೈಟಿನವರಿಗೆ, ಟೋಲ್‌ಗೇಟಿನಲ್ಲಿ ಚಿಲ್ಲರೆ ಕೇಳಿದವನಿಗೂ. ಕುಶಲಾ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ತೊಕ್ಕೊಟ್ಟು ದಾಟಿ ನೇತ್ರಾವತಿಯ ಸೇತುವೆ ಬಂದಾಗ ಮಾತ್ರ ಕಿಟಕಿಯ ಗಾಜು ಇಳಿಸಿದಳು.

ಈಗ ನಿನಗೆ ಬೇಕಾದ ಉತ್ತರ. ಕೋಪ ಬದಿಗಿಟ್ಟು ಹೇಳುತ್ತೇನೆ, ವ್ಯಾಪಾರಿ ವ್ಯಾಪಾರಿಗೆ ಹೇಳುವ ಹಾಗೆ. ಪ್ರಾಪ್ತಿಗೆ ಕ್ಯೂ ಇಲ್ಲದೆ ಜಾರಬೇಕು ಅಷ್ಟೇ ಎಂದಾದರೆ ಟಿಕೇಟು ನಷ್ಟ ಅಲ್ಲ. ಆ ಕಿತ್ತಳೆ ಜನ ಕೂಡ ನಲವತ್ತು ನಿಮಿಷದಲ್ಲಿ ನಾಲ್ಕು ಸಲ ಜಾರಿದ್ದನ್ನು ನಾನೇ ನೋಡಿದ್ದೇನೆ, ಎರಡು ಗಂಟೆಗೆ ಹನ್ನೆರಡಾಯಿತು. ಹಗಲಿನ ಆರಕ್ಕೆ ಇದು ಎರಡು ಪಟ್ಟು, ಬಿಸಿಲೂ ಇಲ್ಲ. ಆದರೆ ಹನ್ನೊಂದು ಜಾರುಬಂಡಿಯಲ್ಲಿ ಏಳನ್ನೇ ಓಡಿಸುತ್ತಾರೆ, ಉಳಿದದ್ದು ಮೇಂಟೆನೆನ್ಸ್ ಅಂತ ಹಗ್ಗ ಕಟ್ಟಿರುತ್ತಾರೆ. ಅಲೆಯ ಯಂತ್ರ ಅರ್ಧ ಗಂಟೆಗೊಮ್ಮೆ. ಚಾ ಅರುವತ್ತು ರೂಪಾಯಿ, ಅದರಲ್ಲಿ ಚಾ ಎಷ್ಟು ನೀರು ಎಷ್ಟು ಅಂತ ಊಟ ಮಾರುವ ನನಗೆ ಗೊತ್ತಾಗುತ್ತದೆ. ಹೋಗುವುದಾದರೆ ವಾರದ ನಡುವೆ ಹೋಗು, ಆ ದಿನ ಬೇರೆ ಪಾರ್ಟಿ ಇಲ್ಲ ಅಂತ ಬರವಣಿಗೆಯಲ್ಲಿ ತೆಗೆದುಕೋ. ಬರೆದು ಕೊಡದಿದ್ದರೆ ಹೋಗಬೇಡ.

ಆದರೆ ಯಾರಾದರೂ ಜನರ ಕಣ್ಣಿನಿಂದ ತಪ್ಪಿಸಿಕೊಳ್ಳಲಿಕ್ಕೆ ಅಂತ ಆ ಹಣ ಕೊಡುವುದಾದರೆ ಬೇಡ ಅಂತ ಹೇಳು. ಅವರ ಹತ್ತಿರ ಆ ಮಾಲು ಇಲ್ಲ. ಇಲ್ಲದ ಮಾಲಿಗೆ ಬೋರ್ಡು ಹಾಕಿದ್ದಾರೆ. ನಾನು ಮೂವತ್ತೈದು ವರ್ಷ ಅನ್ನ ಮಾರಿದ್ದೇನೆ. ಒಂದು ದಿನ ಸಾಂಬಾರು ಕಮ್ಮಿ ಬಿದ್ದರೆ ಫ್ಯಾಕ್ಟರಿಯ ಗೇಟಿನಲ್ಲಿ ನಿಂತು ನಾನೇ ಕೈ ಮುಗಿದಿದ್ದೇನೆ, ಇವತ್ತಿನ ಸಾಂಬಾರು ನಿಮ್ಮ ಕೆಟಗರಿಯಲ್ಲಿ ಬರುವುದಿಲ್ಲ ಅಂತ ಯಾರಿಗೂ ಹೇಳಿಲ್ಲ. ಕನ್ಸ್ಯೂಮರ್ ಕೋರ್ಟಿಗೆ ಹಾಕಲು ವಕೀಲರನ್ನು ಕೇಳಿದ್ದೇನೆ. ಹಾಕಿಯೇ ಹಾಕುತ್ತೇನೆ.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಕಮ್ಮಿ. ನಿಮ್ಮ ಕೋಣೆಯ ಪರದೆ ಒಗೆಸಿದ್ದಾಳೆ, ಈಗಲೇ. ಡಿಸೆಂಬರಿನಲ್ಲಿ ಬರುವಾಗ ಖರ್ಜೂರ ತರಬೇಡ, ಹೋದ ಸಲದ್ದೇ ಉಂಟು. ಅಳಿಯನಿಗೆ ಬ್ಲಡ್ ಪ್ರೆಶರ್ ನೋಡಿಸಿಕೊಳ್ಳಲು ಹೇಳು, ಪ್ರಾಪ್ತಿ ಕನ್ನಡ ಅಕ್ಷರ ಬರೆಯುವುದನ್ನು ಬಿಡದ ಹಾಗೆ ನೋಡಿಕೋ. ದೈವದೇವರು ನಿಮ್ಮ ಮೂವರನ್ನೂ ಕಾಯಲಿ, ನೀರಿನಲ್ಲಿ, ನೆಲದಲ್ಲಿ, ವಿಮಾನದಲ್ಲಿ.

ನಿನ್ನ ಅಪ್ಪ,
ಮೋಹನದಾಸ್

ತಾ.ಕ.: ಭವ್ಯಾ, ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಅದನ್ನು ಹೊಡೆದುಹಾಕಿದರೆ ಇಡೀ ಹಾಳೆ ಪುನಃ ಬರೆಯಬೇಕು, ಅದಕ್ಕೆ ಇಲ್ಲಿ ಹೇಳುತ್ತೇನೆ.

ಅವಳು ಹೊರಗೆ ಬಂದಾಗ ಬಸ್ಸು ಬಂದಿರಲಿಲ್ಲ. ಅದು ಬಂದದ್ದು ಹನ್ನೆರಡು ನಿಮಿಷ ಕಳೆದು. ಆ ಹನ್ನೆರಡು ನಿಮಿಷ ಕೊಳದಲ್ಲಿ ಒಬ್ಬನೂ ಇರಲಿಲ್ಲ. ನಾವು ಹಣ ಕೊಟ್ಟದ್ದು ನಮಗೆ ಸಿಕ್ಕಿತ್ತು.

ಕಡುನೀಲಿ ಅವಳಿಗೆ ಒಪ್ಪುತ್ತಿತ್ತು. ಮಂಡಿಯ ಕೆಳಗೆ ಕಾಲು ಬರಿದು. ಲೈಟಿನ ಬೆಳಕಿನಲ್ಲಿ ಆ ಚರ್ಮ ಹೊಳೆಯುತ್ತಿತ್ತು. ನೀರಿನ ಅಂಚಿಗೆ ಹೋಗಿ ಒಂದು ಪಾದ ಇಳಿಸಿ, ತಿರುಗಿ ನನ್ನನ್ನು ನೋಡಿ ನಮ್ಮ ತುಳುವಿನಲ್ಲಿ ಕೇಳಿದಳು, "ಎಂಚ ಉಂಡು?" ಹೇಗುಂಟು ಅಂತ. ಮದುವೆಯಾದ ಹೊಸತರಲ್ಲಿ ಹೊಸ ಸೀರೆ ಉಟ್ಟಾಗ ಕೇಳುತ್ತಿದ್ದ ಸ್ವರ.

ಕೊಳದ ಆಚೆ ತುದಿಯಲ್ಲಿ ಎತ್ತರದ ಕುರ್ಚಿಯಲ್ಲಿ ಲೈಫ್‌ಗಾರ್ಡ್ ಕೂತಿದ್ದ, ತನ್ನ ಮೊಬೈಲು ನೋಡುತ್ತಿದ್ದ. ನಾನು ಏನು ಮಾಡಿದೆ ಗೊತ್ತಾ? ದೊಡ್ಡ ಟವಲನ್ನು ಎರಡೂ ಕೈಯಲ್ಲಿ ಅಗಲಿಸಿ ಅವಳ ಕಾಲಿಗೆ ಅಡ್ಡ ಹಿಡಿದೆ. "ಬೇಗ ಇಳಿ, ಯಾರಾದರೂ ನೋಡುವ ಮೊದಲು" ಅಂದೆ. ಯೋಚಿಸಿ ಅಂದದ್ದಲ್ಲ. ಬಾಯಿಗೆ ತಾನಾಗಿ ಬಂತು.

ಅವಳು ಪಾದ ಮೇಲೆ ತೆಗೆದಳು. ಲೈಫ್‌ಗಾರ್ಡಿನ ಕಡೆ ನೋಡಿದಳು, ಟವಲನ್ನು ನೋಡಿದಳು. "ಅವನು ನೋಡ್ತಾ ಇಲ್ಲ. ನೀವು ಅಡ್ಡ ಹಿಡಿದದ್ದು ಯಾರಿಗೆ?" ಅಂದಳು. ನಾನು ಟವಲನ್ನು ಇನ್ನೂ ಹಿಡಿದೇ ಇದ್ದೆ. "ಇಷ್ಟು ವರ್ಷ ನಾನು ಮುಚ್ಚಿಕೊಂಡದ್ದು ಊರಿನವರಿಗೆ ಹೆದರಿ ಅಂತ ಗ್ರಹಿಸಿದ್ರಾ?" ಟವಲನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದು ಸೊಂಟಕ್ಕೆ ಸುತ್ತಿಕೊಂಡು ಒಳಗೆ ಹೋದಳು. ವಿನಿಫ್ರೆಡ್ ಬಾಗಿಲಲ್ಲೇ ನಿಂತಿದ್ದರು. ಅವರು ನನ್ನನ್ನು ಹೇಗೆ ನೋಡಿದರು ಅಂತ ನಾನು ಬರೆಯುವುದಿಲ್ಲ.

ಬಸ್ಸಿನ ಹಾರ್ನು ಕೇಳಿದಾಗ ನನಗೆ ಮೊದಲು ಬಂದದ್ದು ಕೋಪ ಅಲ್ಲ ಭವ್ಯಾ, ಸಮಾಧಾನ. ಬೈಯಲು ಜನ ಸಿಕ್ಕಿದರು.

ನಿನ್ನೆ ನೀನು ಫೋನು ಮಾಡಿ ಅಮ್ಮನನ್ನೇ ಕೇಳಿದೆಯಲ್ಲ, ನೀರಿಗೆ ಇಳಿದೆಯಾ ಅಂತ, ಆಗ ಅವಳು ಹೇಳಿದ್ದು ನನಗೆ ಹಾಲ್‌ಗೆ ಕೇಳಿಸಿತು. "ಇಳಿಯಬೇಕು ಅಂತಲೇ ಇದ್ದೆ ಮಗಾ. ಬಸ್ಸಿನವರು ಬಂದು ಹಾಳು ಮಾಡಿದ್ರು. ಪಾಪ ನಿನ್ನ ಅಪ್ಪ, ನನಗೋಸ್ಕರ ಎಷ್ಟು ಜಗಳ ಮಾಡಿದ್ರು ಗೊತ್ತುಂಟಾ." ಫೋನು ಇಟ್ಟು ಬಂದು ನನಗೆ ಊಟ ಬಡಿಸಿದಳು. ನಾನು ತಲೆ ಬಗ್ಗಿಸಿ ಉಂಡೆ.